ರಿಪೇರಿಗೆ ಹೋಗಿ ಕೆಡಿಸಿದ್ದು: ವೇಲ್ಸ್ ಗುಡ್ಡದ ಕಲ್ಗುಪ್ಪೆಗಳ ಒಂದು ಪ್ರಕರಣ

ಮೇ ತಿಂಗಳ ಒಂದು ಶನಿವಾರ ನಾವು 13 ಜನ ಗುಡ್ಡದ ನೆತ್ತಿಯಲ್ಲಿ ಮೂರೂವರೆ ಗಂಟೆ ಕಲ್ಲು ಹೊತ್ತೆವು. ಸಂಜೆ ಇಳಿಯುವಾಗ ಎಲ್ಲರ ಮುಖದಲ್ಲೂ ಖುಷಿ. ನಾಲ್ಕು ಸಾವಿರ ವರ್ಷ ಹಳೆಯ ಸಮಾಧಿಯೊಂದನ್ನು ಉಳಿಸಿದೆವು ಅಂದುಕೊಂಡಿದ್ದೆವು. ಬುಧವಾರ ಗೊತ್ತಾಯಿತು: ಹೆಚ್ಚೂಕಡಿಮೆ ಅಷ್ಟೇ ಹಳೆಯ ಇನ್ನೊಂದನ್ನು ಕಿತ್ತು ತಂದು ಇದಕ್ಕೆ ತುಂಬಿದ್ದೆವು.

ಅದರ ಪೂರ್ತಿ ಕಥೆ ಇದು. ಗುಡ್ಡದ ಹೆಸರು, ತಂಡದ ಹೆಸರು, ಜನರ ಹೆಸರು ಯಾವುದನ್ನೂ ಹೇಳುವುದಿಲ್ಲ. ಒಂದೆರಡು ಗುರುತುಗಳನ್ನೂ ಬದಲಿಸಿದ್ದೇನೆ. ಮಾನ ಮುಚ್ಚಿಕೊಳ್ಳುವ ಆಸೆ ಸ್ವಲ್ಪ ಇದೆ, ಸುಳ್ಳು ಹೇಳಲ್ಲ. ಆದರೆ ಮೆಟಲ್ ಡಿಟೆಕ್ಟರ್ ಹಿಡಿದು ರಾತ್ರಿ ಹೊತ್ತು ಗುಡ್ಡ ಹತ್ತುವವರು ಇಲ್ಲೂ ಇದ್ದಾರೆ. ಅವರಿಗೆ ದಾರಿ ತೋರಿಸುವುದು ಬೇಡ.

ಜಾಗ ಮತ್ತು ಕಲ್ಲು

ದಕ್ಷಿಣ ವೇಲ್ಸ್‌ನ ಕೆಂಪು ಮರಳುಗಲ್ಲಿನ ಗುಡ್ಡಸಾಲು. ಎತ್ತರ 600 ಮೀಟರಿಗಿಂತ ಸ್ವಲ್ಪ ಜಾಸ್ತಿ. ಮರ ಇಲ್ಲ. ಒರಟು ಹುಲ್ಲು, ಹೆದರ್ ಪೊದೆ, ಕುರಿ, ಗಾಳಿ. ನೆಲಕ್ಕೆ ಒಡೆಯರು ಬೇರೆ, ಕುರಿ ಮೇಯಿಸುವ ಹಕ್ಕು ಸುತ್ತಲಿನ ರೈತರದು. ನಮ್ಮ ಗೋಮಾಳದ ಲೆಕ್ಕ ಅಂದುಕೊಳ್ಳಿ. ಇಂಥ ನೆಲದಲ್ಲಿ ಯಾರು ಬೇಕಾದರೂ ನಡೆದಾಡಬಹುದು ಅಂತ 2005ರಿಂದ ಕಾನೂನೇ ಇದೆ.

ಏಣಿನ ಮೇಲೆ ಎರಡು ಕಲ್ಗುಪ್ಪೆಗಳು, ಅಂದರೆ ಕಲ್ಲು ರಾಶಿ ಹಾಕಿದ ಹಳೆಯ ಸಮಾಧಿಗಳು, ದೂರದಿಂದಲೇ ಕಾಣುತ್ತವೆ. ದೊಡ್ಡದು ಸುಮಾರು 15 ಮೀಟರ್ ಅಗಲ, ಎದೆಯೆತ್ತರ. ಇವನ್ನು ವೆಲ್ಷ್ ಭಾಷೆಯಲ್ಲಿ ಕಾರ್ನ್ ಅಥವಾ ಕರ್ನೆದ್ ಅನ್ನುತ್ತಾರೆ. ಉತ್ತರದ ಕರ್ನೆದೈ ಬೆಟ್ಟಸಾಲಿಗೆ ಹೆಸರು ಬಂದದ್ದೇ ಇವುಗಳಿಂದ. ವೇಲ್ಸ್‌ನ ಅತಿ ಎತ್ತರದ ಬೆಟ್ಟ ಸ್ನೋಡನ್. ಅದರ ವೆಲ್ಷ್ ಹೆಸರು ‘ಅರ್ ವಿದ್ವಾ’, ಅಂದರೆ ಸಮಾಧಿ ದಿಬ್ಬ. ರಾಜರ ಗಡ್ಡ ಕಿತ್ತು ಮೇಲಂಗಿ ಹೊಲಿಸಿಕೊಂಡ ರಿತಾ ಅನ್ನುವ ರಾಕ್ಷಸನನ್ನು ಅರ್ಥರ್ ಕೊಂದು ಅದರ ತುದಿಯಲ್ಲಿ ಕಲ್ಲಿನಡಿ ಹೂತ ಅಂತ ಕಥೆ.

ಕಥೆ ಬಿಟ್ಟರೆ, ಇವು ಕಂಚಿನ ಯುಗದವು. ಹೆಚ್ಚಿನವನ್ನು ಕಟ್ಟಿದ್ದು ಕ್ರಿ.ಪೂ. 2300ರಿಂದ 1500ರ ನಡುವೆ. ಮಧ್ಯದಲ್ಲಿ ಚಪ್ಪಡಿ ನಿಲ್ಲಿಸಿ ಮಾಡಿದ ಕಲ್ಲುಪೆಟ್ಟಿಗೆ, ಅದರಲ್ಲಿ ಸುಟ್ಟ ಮೂಳೆ, ಕೆಲವೊಮ್ಮೆ ಒಂದು ಮಡಕೆ ಅಥವಾ ಚಕಮಕಿ ಕಲ್ಲಿನ ಚಾಕು. ಮೇಲೆ ಕಲ್ಲುರಾಶಿ, ಸುತ್ತ ಅಂಚುಗಲ್ಲಿನ ಸಾಲು. ಇಲ್ಲಿನ ಮಣ್ಣು ಹುಳಿ. ಸುಡದೆ ಹೂತ ಮೂಳೆ ಕರಗಿಹೋಗುತ್ತದೆ, ಸುಟ್ಟದ್ದು ಉಳಿಯುತ್ತದೆ. ಎಷ್ಟೋ ಗುಪ್ಪೆಗಳು ಸರಿಯಾಗಿ ತುದಿಯಲ್ಲಿ ಇರುವುದಿಲ್ಲ, ಒಂಚೂರು ಇಳಿಜಾರಿಗೆ ಸರಿದಿರುತ್ತವೆ. ಕಣಿವೆಯಲ್ಲಿ ನಿಂತು ನೋಡಿದಾಗ ಮಾತ್ರ ಅದೇ ತುದಿ ಅನ್ನಿಸುತ್ತದೆ. ಕೆಳಗೆ ಬದುಕುವವರಿಗೆ ಕಾಣಲಿ ಅಂತ ಇಟ್ಟದ್ದು.

ಒಳಗೆ ಏನಿರಬಹುದು ಅನ್ನುವುದಕ್ಕೆ ಹತ್ತಿರದ ಉದಾಹರಣೆ ಬ್ಲ್ಯಾಕ್ ಮೌಂಟನ್‌ನ ವಾನ್ ವೊಯಿಲ್. ಎತ್ತರ 781 ಮೀಟರ್. ನಡಿಗೆಯವರ ಕಾಲಿಗೆ ಸಿಕ್ಕಿ ಅಲ್ಲಿನ ದಿಬ್ಬ ಸವೆಯುತ್ತಿತ್ತು, ಹಾಗಾಗಿ ಈ ಶತಮಾನದ ಮೊದಲ ವರ್ಷಗಳಲ್ಲಿ ಅಗೆದು ನೋಡಿದರು. ಪೆಟ್ಟಿಗೆಯೊಳಗೆ ಒಬ್ಬ ವಯಸ್ಕರ ಮತ್ತು ಇಬ್ಬರು ಮಕ್ಕಳ ಸುಟ್ಟ ಮೂಳೆ ಇತ್ತು. ಜೊತೆಗೆ ಮೆಡೋಸ್ವೀಟ್ ಹೂವಿನ ಪರಾಗ. ಬಿಳಿ ನೊರೆಯ ಹಾಗೆ ಅರಳುವ, ಪರಿಮಳದ ಹೂ ಅದು, ಈಗಲೂ ಹಳ್ಳದ ಬದಿಯಲ್ಲಿ ಬೆಳೆಯುತ್ತದೆ. ಆ ಗಾಳಿಯಲ್ಲಿ, ಅಷ್ಟು ಎತ್ತರಕ್ಕೆ, ಯಾರೋ ಹೂ ಹೊತ್ತು ತಂದಿದ್ದಾರೆ.

ನಾನು ಮೊಳಕಾಲ್ಮುರು ಕಡೆಯವನು. ಬ್ರಹ್ಮಗಿರಿಯ ತಪ್ಪಲಲ್ಲಿ ದನ ಕಾಯುವವರು ಕೂತು ಬುತ್ತಿ ಬಿಚ್ಚುತ್ತಿದ್ದ ಕಲ್ಲಿನ ವೃತ್ತಗಳೂ ಸಮಾಧಿಗಳೇ. ಕಾಲ ಬೇರೆ, ಅವು ಕಬ್ಬಿಣ ಯುಗದವು. 1947ರಲ್ಲಿ ಅಲ್ಲಿ ಅಗೆಸಿದ ಮಾರ್ಟಿಮರ್ ವೀಲರ್, ಅದಕ್ಕೂ ಎರಡು ದಶಕದ ಹಿಂದೆ ಕಾರ್ಡಿಫ್‌ನಲ್ಲಿ ವೇಲ್ಸ್ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿದ್ದವರು. ಇಲ್ಲಿಗೆ ಕೆಲಸಕ್ಕೆ ಬಂದ ಮೇಲೆ ಇದು ಗೊತ್ತಾಗಿ, ಏನೋ ನೆಂಟಸ್ತನ ಅನ್ನಿಸಿ, ಗುಡ್ಡ ನೋಡಿಕೊಳ್ಳುವ ಒಂದು ಸ್ವಯಂಸೇವಕ ತಂಡ ಸೇರಿದೆ. ಕಲ್ಲಿನ ಬಗ್ಗೆ ನನಗೆ ಸ್ವಲ್ಪ ಗೊತ್ತು ಅನ್ನುವ ಜಂಬವೂ ಅಲ್ಲಿಂದಲೇ ಶುರುವಾಯಿತು.

ಗುಂಡಿ

ದೊಡ್ಡ ಗುಪ್ಪೆಯ ಮಧ್ಯದಲ್ಲಿ ಒಂದು ಗುಂಡಿ ಇತ್ತು. 19ನೇ ಶತಮಾನದಲ್ಲಿ ನಿಧಿಯ ಆಸೆಗೋ ಕುತೂಹಲಕ್ಕೋ ನಡುವೆ ಬಾವಿಯ ಹಾಗೆ ತೋಡುವುದು ಇಲ್ಲಿನ ರೂಢಿ. ಆಸೆ ಪೂರ್ತಿ ಸುಳ್ಳೂ ಅಲ್ಲ. 1833ರಲ್ಲಿ ಉತ್ತರದ ಮೋಲ್ಡ್ ಊರಲ್ಲಿ ದಿಬ್ಬದ ಕಲ್ಲು ತೆಗೆಯುತ್ತಿದ್ದ ಕೂಲಿಗಳಿಗೆ ಒಂದೇ ತಗಡಿನಿಂದ ಬಡಿದು ಮಾಡಿದ ಚಿನ್ನದ ಹೆಗಲುವಸ್ತ್ರ ಸಿಕ್ಕಿತ್ತು. ಚೂರುಚೂರಾಗಿದ್ದ ಅದನ್ನು ಅಲ್ಲೇ ಹಂಚಿಕೊಂಡರು. ಬಹುಪಾಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಮ್ಮ ಗುಂಡಿಯನ್ನು ಮಾತ್ರ ಚಳಿ ದೊಡ್ಡದು ಮಾಡಿತ್ತು. ಗಾಳಿಗೆ ಮರೆ ಬೇಕು ಅಂತ ನಡಿಗೆಯವರು ಒಳಗಿನ ಕಲ್ಲು ತೆಗೆದು ಅಂಚಿಗೆ ಪೇರಿಸುತ್ತಾರೆ. ಮುಂದಿನವರು ಇನ್ನೆರಡು ಕಲ್ಲು. ತಂಡದ ಹಿರಿಯರೊಬ್ಬರ ಹತ್ತಿರ 1980ರ ದಶಕದ ಒಂದು ಕುಟುಂಬದ ಫೋಟೊ ಇತ್ತು. ಅದರಲ್ಲಿ ಇಬ್ಬರು ಮಕ್ಕಳು ಗುಂಡಿಯಲ್ಲಿ ಒತ್ತಿಕೊಂಡು ಕೂತಿದ್ದಾರೆ. ನಾನು ನೋಡುವ ಹೊತ್ತಿಗೆ ಅಲ್ಲಿ ಎಂಟು ಜನ ಕಾಲು ಚಾಚಿ ಚಹಾ ಕುಡಿಯಬಹುದಿತ್ತು. ತಳದಲ್ಲಿ ಒಂದು ಚಪ್ಪಡಿಯ ಅಂಚು ಮಣ್ಣಿಂದ ಹೊರಬಂದಿತ್ತು. ಪೆಟ್ಟಿಗೆಯ ಗೋಡೆ ಇರಬಹುದು.

ಅದರ ಮೇಲೆ ಈಗಿನ ಫ್ಯಾಷನ್ ಬೇರೆ: ಕಲ್ಲಿನ ಮೇಲೆ ಕಲ್ಲಿಟ್ಟು ಗೋಪುರ ಮಾಡಿ ಫೋಟೊ. ನಮ್ಮ ಕಡೆ ಬೆಟ್ಟದ ದೇವಸ್ಥಾನಗಳ ಹತ್ತಿರ ಸ್ವಂತ ಮನೆ ಆಗಲಿ ಅಂತ ಕಲ್ಲು ಜೋಡಿಸುತ್ತಾರಲ್ವಾ? ಇಲ್ಲಿ ಹರಕೆಯೂ ಇಲ್ಲ, ಸುಮ್ನೆ. ಕಲ್ಲು ಎಲ್ಲಿಂದ? ಸಮಾಧಿಯಿಂದಲೇ.

ಮೊದಲು ಮಾಡಿ ನೋಡಿದ್ದು

ಕೆಳಗೆ ಗೇಟಿನ ಹತ್ತಿರ ಒಂದು ಫಲಕ ಹಾಕಿಸಿದೆವು. ಯಾರೂ ಓದಲಿಲ್ಲ. ನಾಯಿಯನ್ನು ಕಟ್ಟಲು ಅದರ ಕಂಬ ಉಪಯೋಗಕ್ಕೆ ಬಂತು.

ಆಮೇಲೆ ಗೋಪುರಗಳನ್ನು ಇಳಿಸತೊಡಗಿದೆವು. ಒಂದು ಭಾನುವಾರ 22 ಇಳಿಸಿದರೆ, ಮುಂದಿನ ಭಾನುವಾರ 17 ಎದ್ದಿರುತ್ತಿದ್ದವು. ಆ ಬೇಸರದಲ್ಲೇ ಯಾರೋ ಅಂದರು: ಗುಂಡಿಯನ್ನೇ ಮುಚ್ಚಿಬಿಟ್ಟರೆ? ಕೂರಲು ಜಾಗ ಇಲ್ಲದಿದ್ದರೆ ಅಲ್ಲಿಗೆ ಹತ್ತುವವರೂ ಕಡಿಮೆ.

ಆ ಗುಪ್ಪೆ ಸಂರಕ್ಷಿತ ಸ್ಮಾರಕ. ವೇಲ್ಸ್‌ನಲ್ಲಿ ಇಂಥವು 4,000ಕ್ಕೂ ಹೆಚ್ಚಿವೆ. ಸರ್ಕಾರದ ಕಡೆಯಿಂದ ಪಟ್ಟಿ ನೋಡಿಕೊಳ್ಳುವುದು ಕದು ಅನ್ನುವ ಇಲಾಖೆ. ರಿಪೇರಿ ಮಾಡಲಿಕ್ಕೂ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಮುಟ್ಟಿದರೆ ಅಪರಾಧ. ನಮಗೆ ಇದು ಗೊತ್ತಿತ್ತು. ನಮ್ಮ ಮುಖ್ಯಸ್ಥರು ಅರ್ಜಿಯನ್ನೂ ಹಾಕಿದ್ದರು. ಉತ್ತರ ಬಂದಿರಲಿಲ್ಲ. ಆದರೆ ಆ ವಾರಾಂತ್ಯ ಮೂರು ದಿನ ರಜೆ, ಹವಾಮಾನ ವರದಿಯಲ್ಲಿ ಬಿಸಿಲು, 13 ಜನ ಬರಲು ತಯಾರು. ವೇಲ್ಸ್‌ನಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಅಪರೂಪ. “ಹೇಗೂ ಒಪ್ಪಿಗೆ ಸಿಗುತ್ತದೆ, ಕೆಡಿಸುತ್ತಿಲ್ಲವಲ್ಲ, ಸರಿ ಮಾಡುತ್ತಿದ್ದೇವೆ” ಅಂದರು. ನಾನೂ ತಲೆ ಆಡಿಸಿದೆ.

ಈ ಪ್ರಕರಣದ ಮೊದಲ ತಿರುವು ಇದು. ಎರಡನೆಯದು ಮೇಲೆ ಹೋದ ಮೇಲೆ ಬಂತು. ಅಂಚಿನ ಗೋಡೆಯ ಕಲ್ಲನ್ನೆಲ್ಲ ಒಳಗೆ ಹಾಕಿದರೂ ಗುಂಡಿ ಅರ್ಧ ಖಾಲಿ. ಹಲವರು ಹೆಕ್ಕಿ ಒಯ್ದು ಬೇರೆ ಕಡೆ ಬಿಸಾಡಿದ ಕಲ್ಲು ವಾಪಸ್ ಬರುವುದಿಲ್ಲವಲ್ಲ. ಆಗ ಸುಮಾರು 60 ಹೆಜ್ಜೆ ಆಚೆ, ಹುಲ್ಲಿನಲ್ಲಿ ಹರಡಿದ್ದ ಕಲ್ಲುಗಳು ಕಣ್ಣಿಗೆ ಬಿದ್ದವು. ಮೊಣಕಾಲಿಗಿಂತ ಕೆಳಗೆ, ಅರ್ಧ ಮಣ್ಣಿನಲ್ಲಿ, ಆಕಾರವೇ ಇಲ್ಲದವು. “ಇಲ್ಲಿಂದ ತಗೊಳ್ಳೋಣ್ವಾ?” ಅಂತ ಕೇಳಿದವನು ನಾನೇ. ಬ್ರಹ್ಮಗಿರಿಯವನು, ಕಲ್ಲು ಗೊತ್ತಿರುವವನು.

ನಲವತ್ತು ನಿಮಿಷದ ಉತ್ತರ

ರಜೆ ಮುಗಿದ ಮಂಗಳವಾರ ಬೆಳಗ್ಗೆ ಮುಖ್ಯಸ್ಥರು ‘ಮೊದಲು’ ಮತ್ತು ‘ಆಮೇಲೆ’ ಅಂತ ಫೋಟೊ ಜೋಡಿಸಿ, ಆ ಭಾಗದ ಪುರಾತತ್ವ ಅಧಿಕಾರಿಗೆ ಹೆಮ್ಮೆಯಿಂದ ಕಳಿಸಿದರು. 40 ನಿಮಿಷದಲ್ಲಿ ಉತ್ತರ ಬಂತು. ಒಂದೇ ಸಾಲು: ದಯವಿಟ್ಟು ಇನ್ನೊಂದು ಕಲ್ಲನ್ನೂ ಮುಟ್ಟಬೇಡಿ, ನಾಳೆ ಬರುತ್ತೇನೆ.

ಮರುದಿನ ಅವರು ಮೇಲೆ ಬಂದಾಗ ನಾವು ಮುಚ್ಚಿದ ಗುಂಡಿಯ ಪಕ್ಕ ನಿಂತು ಕಾಯುತ್ತಿದ್ದೆವು. ಅವರು ಅದನ್ನು ನೋಡಲೇ ಇಲ್ಲ. ನೇರವಾಗಿ ಹುಲ್ಲಿನ ಕಡೆ ನಡೆದರು. ಸುತ್ತಲೂ ಒಂದು ಸುತ್ತು ಬಂದರು. ನಿಧಾನವಾಗಿ, ಕಾಲಿಡುವ ಕಡೆಯೆಲ್ಲ ನೋಡಿಕೊಂಡು. ಆಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ಅವರು ನಿಂತಿದ್ದ ಜಾಗದಲ್ಲಿ ನಿಲ್ಲಿಸಿದರು. ಸಂಜೆಯ ಓರೆ ಬಿಸಿಲಿತ್ತು. ನೆರಳಿನಲ್ಲಿ ಒಂದು ಬಳೆ ಎದ್ದು ಬಂತು. ಪೂರ್ತಿ ಗುಂಡಗಿನ, ಎತ್ತರ ಕಡಿಮೆಯ ಏರಿ, ನಡುವೆ ಖಾಲಿ. ಒಂದು ಬದಿ ಮಾತ್ರ ಹಲ್ಲು ಉದುರಿದ ಹಾಗಿತ್ತು. ಅದು ನಾವು.

ಅದು ಬಳೆಗುಪ್ಪೆ. ಕಂಚಿನ ಯುಗದವರು ಎಲ್ಲ ಕಡೆಯೂ ರಾಶಿಯನ್ನೇ ಹಾಕುತ್ತಿರಲಿಲ್ಲ. ಕೆಲವು ಕಡೆ ಕಲ್ಲಿನ ಬಳೆ ಕಟ್ಟಿ ಒಳಗೆ ಅಂಗಳದ ಹಾಗೆ ಬಿಡುತ್ತಿದ್ದರು. ಉತ್ತರದ ಬ್ರೆನಿಗ್ ಕಣಿವೆಯಲ್ಲಿ ಜಲಾಶಯ ಬರುವ ಮುಂಚೆ, 1973–74ರಲ್ಲಿ ಅಂಥದ್ದೊಂದನ್ನು ಅಗೆದಿದ್ದಾರೆ. ಒಳಗೆ ಇದ್ದಿಲು ಹೂತ ಕುಳಿಗಳಿದ್ದವು. ಸುಟ್ಟ ಮೂಳೆ ಬಂದದ್ದು ಆಮೇಲಿನ ಕಾಲಕ್ಕೆ. ಅಂದರೆ ಹೂಳುವುದಕ್ಕೂ ಮುಂಚೆ ಅಲ್ಲಿ ಜನ ಸೇರಿ ಏನೋ ಮಾಡುತ್ತಿದ್ದರು. ಅಂಥ ಜಾಗದಲ್ಲಿ ಕಲ್ಲಿಗಿಂತ ಅದರ ಅಡಿಯ ಮಣ್ಣೇ ಜಾಸ್ತಿ ಹೇಳುತ್ತದೆ.

“ಇದು ಪಟ್ಟಿಯಲ್ಲಿ ಇದೆಯಾ?” ಅಂತ ಯಾರೋ ಕೇಳಿದರು. ಸಂರಕ್ಷಿತ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಪ್ರದೇಶದ ಪುರಾತತ್ವ ದಾಖಲೆಯಲ್ಲಿ ಇತ್ತು, ‘ಬಳೆಗುಪ್ಪೆ ಇರಬಹುದು’ ಅಂತ. ಆ ದಾಖಲೆ ಆರ್ಕುಯಿಲ್ಯೊ ಅನ್ನುವ ಆನ್‌ಲೈನ್ ನಕ್ಷೆಯಲ್ಲಿ ಎಲ್ಲರಿಗೂ ತೆರೆದಿದೆ. ಮೊಬೈಲ್‌ನಲ್ಲಿ ಎರಡು ನಿಮಿಷ. ನಾವು 13 ಜನ, ಜೇಬಲ್ಲಿ 13 ಫೋನ್. ನೋಡಿದ್ದು ಹವಾಮಾನ ಮಾತ್ರ.

ಕಲ್ಲುಹೂವಿನ ಸಾಕ್ಷಿ

ದೂರು, ದಂಡ ಆಗುತ್ತದೆ ಅಂದುಕೊಂಡಿದ್ದೆವು. ನಾವೇ ಹೇಳಿಕೊಂಡದ್ದರಿಂದಲೋ ಏನೋ, ಲಿಖಿತ ಎಚ್ಚರಿಕೆಯಲ್ಲಿ ಮುಗಿಯಿತು. ಅಧಿಕಾರಿ ಕೇಳಿದ್ದು ಬೇರೆ. ಆ ದಿನ ಯಾರ ಯಾರ ಫೋನಲ್ಲಿ ಏನೇನು ಫೋಟೊ ಇದೆಯೋ ಎಲ್ಲ ಕೊಡಿ, ಊಟದ್ದೂ ಸೇರಿಸಿ ಅಂದರು. ಊಟದ ಫೋಟೊಗಳೇ ಕೆಲಸಕ್ಕೆ ಬಂದವು. ಸ್ಯಾಂಡ್‌ವಿಚ್ ಹಿಡಿದು ನಗುತ್ತಿದ್ದವರ ಬೆನ್ನ ಹಿಂದೆ, ಕೀಳುವ ಮುಂಚಿನ ಬಳೆ ಕಾಣುತ್ತಿತ್ತು.

ಇನ್ನೊಂದು ಸಾಕ್ಷಿ ಕಲ್ಲುಹೂವು. ಮಸಾಲೆಗೆ ಹಾಕುತ್ತೇವಲ್ಲ, ಆ ಬಳಗದ್ದೇ. ಇಲ್ಲಿನ ಬಂಡೆಗಳ ಮೇಲೆ ಹಳದಿ-ಹಸಿರು ನಕ್ಷೆಯ ಹಾಗೆ ಹರಡುವ ಒಂದು ಜಾತಿ ಇದೆ, ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅದು ಬಿಸಿಲು-ಮಳೆ ಕಂಡ ಮುಖದಲ್ಲಿ ಮಾತ್ರ ಬರುತ್ತದೆ. ಮಣ್ಣೊಳಗಿದ್ದ ಭಾಗ ಬರಿದಾಗಿ, ಕಪ್ಪು ಕಲೆ ಹತ್ತಿರುತ್ತದೆ. ಹಾಗಾಗಿ ಯಾವ ಕಲ್ಲು ಎಷ್ಟು ಆಳ ಕೂತಿತ್ತು, ಯಾವ ಮುಖ ಮೇಲಿತ್ತು ಅಂತ ಕಲ್ಲೇ ಹೇಳುತ್ತದೆ. ಬೇಕಾಬಿಟ್ಟಿ ತುಂಬಿದ ಗುಂಡಿಯಲ್ಲಿ ಕಲ್ಲುಹೂವು ಕೆಳಮುಖವಾಗಿದ್ದವೆಲ್ಲ ನಾವು ತಿರುಗಿಸಿದವು.

ಈ ಸಲ ಒಪ್ಪಿಗೆ ಬರುವ ತನಕ ಕಾದೆವು. ನಾಲ್ಕು ತಿಂಗಳು. ಮಳೆಯಲ್ಲಿ ಕಿತ್ತ ಜಾಗ ಕೊಚ್ಚಿಹೋಗದಂತೆ ಹೊದಿಕೆ ಹಾಕಿ ಕಾಯಿಸಿದರು. ಆಮೇಲೆ ಎರಡು ದಿನದ ಕೆಲಸ. ನಾವು ಒಯ್ದದ್ದು 46 ಕಲ್ಲು. ನೆಲದಲ್ಲಿ ಅವು ಕೂತಿದ್ದ ಕುಳಿಗಳಲ್ಲಿ ಸ್ಪಷ್ಟವಾಗಿ ಸಿಕ್ಕವು 29. ಫೋಟೊ, ಕಲ್ಲುಹೂವು, ಕುಳಿಯ ಆಕಾರ ಮೂರನ್ನೂ ಹೊಂದಿಸಿ 27 ಕಲ್ಲುಗಳನ್ನು ಅವುಗಳ ಜಾಗಕ್ಕೆ ಇಟ್ಟೆವು.

ಉಳಿದ 19? ಇಲ್ಲಿ ತಂಡದೊಳಗೆ ಜಗಳ ಬಂತು. ಅಂದಾಜಿನ ಮೇಲೆ ಇಟ್ಟುಬಿಡೋಣ, ನೋಡಲು ಬಳೆ ಪೂರ್ತಿ ಆಗುತ್ತದೆ ಅನ್ನುವುದು ಹೆಚ್ಚಿನವರ ಅಭಿಪ್ರಾಯ. ನನಗೂ ಆಸೆ ಇತ್ತು. ತಪ್ಪು ಅಳಿಸಿಹೋಗಲಿ ಅಂತ ಅಲ್ವಾ? ಅಧಿಕಾರಿ ಒಪ್ಪಲಿಲ್ಲ. ಊಹೆಯಿಂದ ಇಟ್ಟ ಕಲ್ಲು ಮುಂದೆ ಅಗೆಯುವವರಿಗೆ ಸುಳ್ಳು ಹೇಳುತ್ತದೆ, ಬಿಟ್ಟ ಜಾಗ ಸುಳ್ಳು ಹೇಳುವುದಿಲ್ಲ ಅಂದರು. ಆ 19 ಕಲ್ಲುಗಳು ಬಳೆಯ ಹೊರಗೆ ಒಂದು ನೇರ ಸಾಲಿನಲ್ಲಿ ಇವೆ. ನೇರ ಸಾಲು ಬೇಕೆಂದೇ. ಹಳೆಯದು ಅಂತ ಯಾರಿಗೂ ಅನ್ನಿಸಬಾರದು.

ಒಂದು ಕುಳಿಯ ಬದಿಯಲ್ಲಿ ಇದ್ದಿಲಿನ ಚುಕ್ಕಿಗಳು ಕಂಡಿದ್ದವು. ಅಗೆದು ನೋಡೋಣ ಅಂತ ಎಲ್ಲರಿಗೂ ಕೈ ಕಡಿಯಿತು. ಅಗೆಯಲಿಲ್ಲ. ವಾನ್ ವೊಯಿಲ್‌ನಲ್ಲಿ ಅಗೆದದ್ದು ಸವೆದು ಹೋಗುತ್ತಿತ್ತು ಅಂತ. ಇಲ್ಲಿ ನಾವು ಕೈ ಹಾಕದಿದ್ದರೆ ಏನೂ ಹೋಗುತ್ತಿರಲಿಲ್ಲ.

ಕುರಿ ರೈತರ ಮಾತು

ದೊಡ್ಡ ಗುಪ್ಪೆಯ ಕಥೆ ಇನ್ನೂ ಬಾಕಿ. ಅಲ್ಲಿ ತುಂಬಿದ್ದನ್ನು ಪೂರ್ತಿ ತೆಗೆದು, ತಳಕ್ಕೆ ನೀರು ಇಳಿಯುವ ಒಂದು ನೇಯ್ದ ಹಾಳೆ ಹಾಸಿ, ಅದರ ಮೇಲೆ ಅದೇ ಗುಪ್ಪೆಯ ಕಲ್ಲು ತುಂಬುವುದು ಅಂತಾಯಿತು. ಹಾಳೆಯ ಕೆಳಗಿನದು ಹಳೆಯದು, ಮೇಲಿನದು ನಮ್ಮ ಕಾಲದ್ದು. ನೂರು ವರ್ಷದ ಮೇಲೆ ಯಾರು ಬಿಚ್ಚಿದರೂ ಗೊತ್ತಾಗಬೇಕು.

ಆ ಕೆಲಸದ ದಿನ ಅಲ್ಲಿ ಕುರಿ ಮೇಯಿಸುವ ಹಿರಿಯ ರೈತರೊಬ್ಬರು ನಾಯಿಯ ಜೊತೆ ಬಂದು ನಿಂತರು. ಎಪ್ಪತ್ತರ ಮೇಲಿನವರು. ಸ್ವಲ್ಪ ಹೊತ್ತು ನೋಡಿ ಕೇಳಿದರು: “ಜನ ಇಲ್ಲಿಗೆ ಯಾಕೆ ಹತ್ತುತ್ತಾರೆ ಗೊತ್ತಾ?”

ತುದಿ ಅಂತ, ನೋಟ ಚೆನ್ನಾಗಿದೆ ಅಂತ, ಏನೇನೋ ಹೇಳಿದೆವು. ಅವರು ಕೋಲಿನಿಂದ ಕೆಳಗೆ ತೋರಿಸಿದರು. ದಾರಿ ಮೊದಲು ಗುಪ್ಪೆಯ ಕೆಳಗಿನಿಂದ, ಒಂದು ಬಂಡೆಯ ಮರೆಯಲ್ಲಿ ಹೋಗುತ್ತಿತ್ತಂತೆ. ಅಲ್ಲಿ 40 ಹೆಜ್ಜೆಯಷ್ಟು ಪೀಟ್ ನೆಲ ಇದೆ. ಕೊಳೆಯದ ಪಾಚಿ ಸಾವಿರಾರು ವರ್ಷ ಒತ್ತಿಕೊಂಡು ಆದ ಕಪ್ಪು ಕೆಸರು. ನಡೆಯುವವರು ಜಾಸ್ತಿಯಾದ ಹಾಗೆ ಅದು ಕಲಸಿಹೋಯಿತು. ಬೂಟು ನೆನೆಯಬಾರದು ಅಂತ ಜನ ಒಂದೊಂದೇ ಹೆಜ್ಜೆ ಮೇಲಕ್ಕೆ ಸರಿದರು. ಸರಿದು ಸರಿದು ಒಣಗಿದ ನೆಲ ಸಿಕ್ಕಿದ್ದು ಗುಪ್ಪೆಯ ಬುಡದಲ್ಲಿ. ಅಲ್ಲಿಗೆ ಬಂದ ಮೇಲೆ ಗಾಳಿ. ಗಾಳಿಗೆ ಮರೆ ಬೇಕು. ಮರೆಗೆ ಗುಂಡಿ.

“ನನ್ನ ಕುರಿಗಳು ಇವತ್ತಿಗೂ ಆ ಬಂಡೆಯ ಮರೆಯಲ್ಲೇ ಮಲಗೋದು” ಅಂದು ಹೊರಟರು.

ನಾವು ಎರಡು ವರ್ಷ ಗುಂಡಿಯನ್ನೇ ನೋಡುತ್ತಿದ್ದೆವು. ಕೆಸರಿನ ಕಡೆ ಒಬ್ಬರೂ ತಿರುಗಿರಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ನಡುಗಂಬ ಈ ಐದು ನಿಮಿಷ. ಫಲಕ, ಗೋಪುರ ಇಳಿಸುವುದು, ಗುಂಡಿ ಮುಚ್ಚುವುದು ಎಲ್ಲವೂ ಜನರ ಕೈಯ ಜೊತೆ ಗುದ್ದಾಟ. ಅವರ ಕಾಲನ್ನು ಯಾರೂ ಕೇಳಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಭೂಮಾಲೀಕರ ಮತ್ತು ರೈತರ ಒಪ್ಪಿಗೆ ಪಡೆದು ಆ 40 ಹೆಜ್ಜೆಗೆ ಚಪ್ಪಡಿ ಹಾಸಿದೆವು. ಕಲ್ಲು ಬಂದದ್ದು ಕೆಳಗಿನ ಕ್ವಾರಿಯಿಂದ, ದುಡ್ಡು ಕೊಟ್ಟು, ರಸೀದಿ ಸಮೇತ. ಗುಡ್ಡದ ಮೇಲಿನ ಒಂದೇ ಒಂದು ಕಲ್ಲೂ ಇಲ್ಲ. ಪೀಟ್ ಮೇಲೆ ಅಗಲವಾದ ಚಪ್ಪಡಿ ಹಾಸಿದರೆ ಭಾರ ಹರಡಿ ಹೂತುಹೋಗುವುದಿಲ್ಲ, ತೆಪ್ಪದ ಹಾಗೆ ಕೂರುತ್ತದೆ.

ಆಮೇಲೆ

ಎರಡು ಚಳಿಗಾಲ ಕಳೆದಿವೆ. ಹೆಚ್ಚಿನವರು ಈಗ ಕೆಳದಾರಿಯಲ್ಲೇ ಹೋಗಿ ಬಂಡೆಯ ಮರೆಯಲ್ಲಿ ಚಹಾ ಕುಡಿಯುತ್ತಾರೆ. ಗುಪ್ಪೆಯ ಬುಡದ ಬೋಳು ನೆಲದಲ್ಲಿ ಹುಲ್ಲು ಹತ್ತಿದೆ. ಗೋಪುರಗಳು ನಿಂತಿಲ್ಲ, ಕಡಿಮೆಯಾಗಿವೆ: ತಿಂಗಳಿಗೆ ನಾಲ್ಕು, ಐದು. ಪಶ್ಚಿಮದ ಅಂಚಿನಲ್ಲಿ ಯಾರೋ ಹೊಸ ಗಾಳಿಗೋಡೆಗೆ ಕೈ ಹಾಕಿದ್ದರು. ಇಳಿಸುವ ಮುಂಚೆ ಫೋಟೊ ತೆಗೆದು ಅಧಿಕಾರಿಗೆ ಕಳಿಸಿ, ಉತ್ತರ ಬರುವವರೆಗೆ ಕಾದೆವು. ಮುಚ್ಚಿದ ಗುಂಡಿ ಒಂದು ಗೇಣು ಕುಸಿದಿದೆ. ಕುಸಿಯಲಿ, ಹಾಳೆ ಜಾಗದಲ್ಲೇ ಇದೆ.

ಕಾನೂನೂ ಈ ನಡುವೆ ಬದಲಾಗಿದೆ. ನಮ್ಮ ಕಾಲಕ್ಕೆ 1979ರ ಬ್ರಿಟಿಷ್ ಕಾಯ್ದೆ ಇತ್ತು. 2024ರ ನವೆಂಬರ್‌ನಿಂದ ವೇಲ್ಸ್‌ಗೆ ಅದರದ್ದೇ ಕಾಯ್ದೆ ಜಾರಿಯಲ್ಲಿದೆ. ಒಪ್ಪಿಗೆ ಬೇಕು ಅನ್ನುವುದು ಮಾತ್ರ ಹಾಗೇ ಇದೆ.

ಬಳೆಗುಪ್ಪೆಗೆ ಫಲಕ ಬೇಕಾ ಅಂತ ಸಭೆಯಲ್ಲಿ ಒಂದು ಗಂಟೆ ಚರ್ಚೆ ಆಯಿತು. ಬೇಡ ಅಂತ ತೀರ್ಮಾನ. ಈಗ ತಂಡಕ್ಕೆ ಹೊಸಬರು ಸೇರಿದಾಗ ಮೊದಲ ದಿನವೇ ಸಂಜೆ ಬಿಸಿಲಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಏನೂ ಹೇಳದೆ, ಏನು ಕಾಣಿಸುತ್ತದೆ ಅಂತ ಕೇಳುತ್ತೇವೆ. ಹತ್ತರಲ್ಲಿ ಒಂಬತ್ತು ಜನ ನೇರ ಸಾಲಿನಲ್ಲಿರುವ ಆ 19 ಕಲ್ಲುಗಳನ್ನೇ ತೋರಿಸುತ್ತಾರೆ.

ಆ ಸಾಲಿನಲ್ಲಿ ಎಡದಿಂದ ಮೂರನೆಯದು ನಾನು ಹೊತ್ತದ್ದು, ಊಟದ ಫೋಟೊದಲ್ಲಿ ನನ್ನ ಕೈಯಲ್ಲಿ ಇರುವುದು ಅದೇ. ಒಂದು ಮುಖದಲ್ಲಿ ಅಂಗೈಯಗಲದ ಕಲ್ಲುಹೂವು ಇದೆ. ಮಣ್ಣಲ್ಲಿದ್ದ ಇನ್ನೊಂದು ಮುಖ ಈಗ ಬಿಸಿಲಿಗೆ ತೆರೆದಿದೆ. ಹೋದಾಗಲೆಲ್ಲ ಬಗ್ಗಿ ನೋಡುತ್ತೇನೆ. ಇನ್ನೂ ಬರಿದಾಗಿದೆ.